ತಾತನ ‘ಬೆಳ್ಳಿ’ ಸೆಟ್ಟು: ಹುಣಸೆಹಣ್ಣಿನಿಂದ ಪ್ಲೇಟಿಂಗ್‌ವರೆಗೆ

ನಮ್ಮ ಮನೆಯಲ್ಲಿ ಒಂದು ಬೆಳ್ಳಿ ಶೇವಿಂಗ್ ಸೆಟ್ಟು ಇದೆ ಅಂತ ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೆ. ತುಂಗಭದ್ರಾ ಡ್ಯಾಮ್ ಕಟ್ಟುವಾಗ ತಾತ ಅಲ್ಲಿ ಸ್ಟೋರ್ ಗುಮಾಸ್ತರಾಗಿದ್ದರು. ದೊರೆಯೊಬ್ಬ ತನ್ನ ದೇಶಕ್ಕೆ ವಾಪಸ್ ಹೋಗುವಾಗ ದಾಡಿ ಮಾಡಿಕೊಳ್ಳುವ ಸೆಟ್ಟನ್ನು ತಾತನ ಕೈಗೆ ಕೊಟ್ಟುಹೋದ ಅನ್ನೋದು ಮನೆ ಕಥೆ. ಹೋದ ವರ್ಷ ಬಳ್ಳಾರಿಯ ಕೌಲ್ ಬಜಾರ್‌ನ ಹಳೇ ಮನೆ ಖಾಲಿ ಮಾಡುವಾಗ ಅಟ್ಟದ ಮೇಲಿನ ಟ್ರಂಕಿನಲ್ಲಿ ಅದು ಸಿಕ್ಕಿತು. ಬೆಳ್ಳಿ ಎಲ್ಲಿ ಬಂತು! ಮೈಮೇಲೆ ಸುಣ್ಣ ಬಳಿದಂಥ ಬಿಳಿ ಪದರ, ಸಂದಿಗಳಲ್ಲೆಲ್ಲ ಹಸಿರು ಕಿಲುಬು.

ದೊಡ್ಡಮ್ಮ ನೋಡಿದವರೇ, "ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕಪಾ, ಫಳಫಳ ಹೊಳಿತೈತಿ" ಅಂದರು. ತಮ್ಮ ವಿನೆಗರ್ ಅಂದ. ಬೈಕ್ ರಿಪೇರಿ ಮಾಡುವ ಗೆಳೆಯ, "ಸುಮ್ನೆ ಪ್ಲೇಟಿಂಗ್ ಮಾಡಿಸು, ಮೇಲೆ ಹೊಸ ಲೋಹದ ಲೇಪ ಕೂರಿಸ್ತಾರೆ, ಹೊಸದಾಗುತ್ತೆ" ಅಂದ. ಎಲ್ಲರ ಮಾತನ್ನೂ ಪರೀಕ್ಷೆ ಮಾಡೋಣ ಅನಿಸಿತು, ಆದರೆ ತಾತನ ಸೆಟ್ಟಿನ ಮೇಲಲ್ಲ. ಗುಜರಿ ಅಂಗಡಿಗಳಲ್ಲಿ ಎರಡು ಭಾನುವಾರ ಕೆದಕಿ ನಾಲ್ಕು ಹಳೇ ರೇಜರ್ ತಂದೆ. ಒಂದು ತಾತನದರ ಅವಳಿ. ಒಂದು ಬುಡದ ಗುಂಡಿ ತಿರುಗಿಸಿದರೆ ಮೇಲೆ ಚಿಟ್ಟೆ ರೆಕ್ಕೆಯಂತೆ ಎರಡು ಬಾಗಿಲು ತೆರೆಯುವಂಥದ್ದು. ಒಂದು ಅಲ್ಯುಮಿನಿಯಂ ಹಿಡಿಯದ್ದು. ಇನ್ನೊಂದು ಹಿಡಿಯೇ ಇಲ್ಲದ, ಚಿನ್ನದ ಬಣ್ಣದ ಬರೀ ತಲೆ.

ತೊಳೆಯುವ ಮೊದಲು ಗುರುತು ಹಿಡಿಯಿರಿ. ಈ ಒಂದು ಮಾತಿನಲ್ಲಿ ನಾನು ಹಟಮಾರಿ. ಯಾವ ಲೋಹ, ಯಾವ ಲೇಪ ಅಂತ ತಿಳಿಯದೆ ಹುಳಿ ಹಾಕಿದರೆ ಏನು ಹೋಯಿತು ಅನ್ನೋದೂ ಗೊತ್ತಾಗೋದಿಲ್ಲ.

ತಾತನದು ಮೂರು ತುಂಡಿನ ಸೆಟ್ಟು: ಬ್ಲೇಡಿನ ಮೇಲೆ ಕೂರುವ ಟೋಪಿ, ಕೆಳಗೆ ಕೂರುವ ತಟ್ಟೆ, ಹಿಡಿ. ಬೆಳಕಿಗೆ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿದಾಗ ತಟ್ಟೆಯ ಅಡಿಯಲ್ಲಿ ಜಿಲೆಟ್ ಹೆಸರು, ಮೇಡ್ ಇನ್ ಇಂಗ್ಲೆಂಡ್ ಅನ್ನೋ ಅಕ್ಷರ ಕಂಡವು. ತಟ್ಟೆಯ ಅಂಚಿನಲ್ಲಿ ಬಾಚಣಿಗೆಯಂಥ ಹಲ್ಲುಗಳಿಲ್ಲ, ನೇರ ಪಟ್ಟಿ ಇದೆ. ಇದು ‘ಟೆಕ್’ ಅನ್ನೋ ಮಾದರಿ, 1938ರಲ್ಲಿ ಬಂದದ್ದು. ಜಿಲೆಟ್‌ನ ಮೊದಮೊದಲ ಸೆಟ್ಟುಗಳಲ್ಲಿ ಹಲ್ಲುಗಳಿರುತ್ತಿದ್ದವು. ಆ ಕಂಪನಿ ಕಟ್ಟಿದ ಕಿಂಗ್ ಜಿಲೆಟ್ ಅನ್ನೋ ವ್ಯಕ್ತಿಗೆ ಪೇಟೆಂಟ್ ಸಿಕ್ಕಿದ್ದು 1904ರಲ್ಲಿ. ಆಗಿನ ಬ್ಲೇಡಿಗೆ ಮೂರು ತೂತು ಇರುತ್ತಿದ್ದವು. ಉದ್ದ ಸೀಳಿನ ಬ್ಲೇಡು 1930ರ ಹೊತ್ತಿಗೆ ಬಂತು. ಖುಷಿಯ ಸಂಗತಿ ಅಂದರೆ ಇವತ್ತು ಕಿರಾಣಿ ಅಂಗಡಿಯಲ್ಲಿ ಸಿಗುವ ಬ್ಲೇಡು ಆ ಹಳೇ ಮೂರು ತೂತಿನ ಸೆಟ್ಟಿಗೂ ಕೂರುತ್ತದೆ.

ಡ್ಯಾಮ್ ಕೆಲಸ ಶುರುವಾದದ್ದು 1945ರಲ್ಲಿ. ಹಾಗಾಗಿ ದೊರೆ ಕಥೆಯ ಕಾಲ ಸರಿಹೊಂದುತ್ತದೆ. ಬೆಳ್ಳಿ ಮಾತ್ರ ಹೊಂದೋದಿಲ್ಲ. ಹಿಡಿಯ ಉಬ್ಬಿನಲ್ಲಿ, ಬೆರಳು ಸದಾ ತಾಗುವ ಕಡೆ, ಹಳದಿ ಇಣುಕುತ್ತಿತ್ತು. ಒಳಗೆ ಹಿತ್ತಾಳೆ, ಮೇಲೆ ನಿಕ್ಕಲ್ ಲೇಪ. ಬೆಳ್ಳಿಯಾಗಿದ್ದರೆ ಟ್ರಂಕಿನಲ್ಲಿ ಅಷ್ಟು ವರ್ಷಕ್ಕೆ ಕಪ್ಪಾಗಿರಬೇಕಿತ್ತು, ನಮ್ಮ ಕಾಲುಗೆಜ್ಜೆ ಕಪ್ಪಾಗೋದಿಲ್ವಾ ಹಾಗೆ. ಆಯಸ್ಕಾಂತ ಹಿಡಿದು ನೋಡಿ, ಗಟ್ಟಿಯಾಗಿ ಅಂಟಿಕೊಂಡರೆ ಒಳಗೆ ಕಬ್ಬಿಣ. ಸ್ವಲ್ಪವೇ ಎಳೆದಂತಾದರೆ ಗಾಬರಿ ಬೇಡ, ನಿಕ್ಕಲ್ಲಿಗೂ ಆಯಸ್ಕಾಂತದ ಸೆಳೆತ ಇರುತ್ತದೆ. ಅಲ್ಯುಮಿನಿಯಂ ಹಿಡಿಗೆ ಪರೀಕ್ಷೆಯೇ ಬೇಕಿಲ್ಲ. ಅಷ್ಟೇ ಗಾತ್ರದ ಹಿತ್ತಾಳೆಗಿಂತ ಮೂರು ಪಟ್ಟು ಹಗುರ, ಕೈಗೆ ಎತ್ತಿಕೊಂಡರೆ ಸಾಕು.

ಚಿಟ್ಟೆ ರೇಜರ್ ಇನ್ನೂ ಸುಲಭ. ಅಮೆರಿಕದಲ್ಲಿ ಮಾಡಿದ ಜಿಲೆಟ್‌ಗಳ ತಲೆಯ ಅಡಿಯಲ್ಲಿ ಒಂದು ಇಂಗ್ಲಿಷ್ ಅಕ್ಷರ, ಒಂದು ಅಂಕಿ ಒತ್ತುತ್ತಿದ್ದರು. ಈ ಪದ್ಧತಿ ಶುರುವಾದದ್ದು 1951ರಲ್ಲಿ. 1955ಕ್ಕೆ ‘ಎ’, ಅಲ್ಲಿಂದ ವರ್ಷಕ್ಕೊಂದು ಅಕ್ಷರ. ಅಂಕಿ ವರ್ಷದ ಯಾವ ಮೂರು ತಿಂಗಳು ಅಂತ ಹೇಳುತ್ತದೆ. ನನಗೆ ಸಿಕ್ಕಿದ್ದರಲ್ಲಿ ‘ಇ’ ಮತ್ತು 3 ಇತ್ತು. ಅಂದರೆ 1959ರ ಜುಲೈನಿಂದ ಸೆಪ್ಟೆಂಬರ್. ಮಾದರಿ ‘ಸೂಪರ್ ಸ್ಪೀಡ್’. ಬಳ್ಳಾರಿಯ ಗುಜರಿಗೆ ಯಾರ ಮನೆಯಿಂದ ಬಂತೋ!

ಇನ್ನು ತೊಳೆಯುವ ಕಥೆ. ಆ ಬಿಳಿ ಪದರ ಲೋಹ ಹಾಳಾಗಿ ಬಂದದ್ದು ಅಂತ ನಾನೂ ಅಂದುಕೊಂಡಿದ್ದೆ. ಅಲ್ಲ, ಅದು ನಮ್ಮ ಬೋರ್‌ವೆಲ್ ನೀರಿನ ಕೆಲಸ. ಸವಳು ನೀರಿನ ಕ್ಯಾಲ್ಸಿಯಂ ಸೋಪಿನ ಜತೆ ಸೇರಿದರೆ ನೀರಿನಲ್ಲಿ ಕರಗದ ಜಿಡ್ಡಾಗುತ್ತದೆ. ಬಕೆಟ್ಟಿನ ಒಳಗೆ ಬೆರಳಾಡಿಸಿದರೆ ಕೈಗೆ ಹತ್ತುತ್ತಲ್ಲ, ಅದೇ. ವರ್ಷಗಟ್ಟಲೆ ಶೇವ್ ಮಾಡಿ ಅದೇ ನೀರಲ್ಲಿ ಅದ್ದಿದ ರೇಜರ್ ಮೇಲೆ ಅದು ಕಲ್ಲಾಗಿ ಕೂತಿರುತ್ತದೆ. ಕೆಳಗೆ ಲೋಹ ಚೆನ್ನಾಗಿಯೇ ಇರಬಹುದು.

ಹಾಗಾಗಿ ಮೊದಲು ಎಲ್ಲಕ್ಕೂ ಬಿಸಿನೀರು, ಪಾತ್ರೆ ತೊಳೆಯುವ ಲಿಕ್ವಿಡ್, ಹಳೇ ಟೂತ್‌ಬ್ರಷ್. ನೀರು ಕುದಿಯುತ್ತಿರಬಾರದು, ಕೈ ತಡೆಯುವಷ್ಟು ಬಿಸಿ ಸಾಕು. ಮೊದಲ ಸಲ ನಲ್ಲಿ ನೀರಲ್ಲಿ ಮಾಡಿದೆ, ಅರ್ಧ ಹೋಯಿತು. ಆಮೇಲೆ ತಲೆ ಓಡಿತು: ಸವಳಿನ ಕರೆ ತೆಗೆಯೋಕೆ ಸವಳು ನೀರೇ? ಎರಡನೇ ಸಲ ಆರ್‌ಓ ಕ್ಯಾನಿನ ನೀರು ಕಾಯಿಸಿ ಅರ್ಧ ಗಂಟೆ ನೆನೆಸಿದೆ. ತಾತನ ಸೆಟ್ಟಿನ ಮುಕ್ಕಾಲು ಕೊಳೆ ಹೋಯಿತು. ಖರ್ಚು ಏನೂ ಇಲ್ಲ, ಗೀರೂ ಇಲ್ಲ.

ಉಳಿದ ಕಾಲು ಭಾಗಕ್ಕೆ ಪೈಪೋಟಿ. ಅವಳಿ ಟೆಕ್‌ನ ತಟ್ಟೆಗೆ ಹುಣಸೆ, ಟೋಪಿಗೆ ವಿನೆಗರ್, ಹಿಡಿಗೆ ಟೂತ್‌ಪೇಸ್ಟ್ ಅಂತ ಹಂಚಿದೆ.

ಹುಣಸೆಹಣ್ಣಿನ ಮೇಲೆ ನನಗೆ ಅಭಿಮಾನ ಇದೆ. ಮನೆಯ ಹಿತ್ತಾಳೆ ಬಿಂದಿಗೆ, ದೀಪದ ಕಂಬ ಎಲ್ಲ ಅದರಲ್ಲೇ ಬೆಳಗೋದು. ಆದರೆ ಬಿಂದಿಗೆ ಪೂರ್ತಿ ಹಿತ್ತಾಳೆ. ಇಲ್ಲಿ ಮೇಲೆ ನಿಕ್ಕಲ್ ಇದೆ, ಅಲ್ಲಲ್ಲಿ ಸವೆದಿದೆ. ಹುಣಸೆಯ ಹುಳಿ ಸವೆದ ಜಾಗದ ಹಿತ್ತಾಳೆಯನ್ನು ಎರಡೇ ನಿಮಿಷದಲ್ಲಿ ಮಿಂಚಿಸಿಬಿಟ್ಟಿತು. ಪಕ್ಕದ ನಿಕ್ಕಲ್ ಬೂದು ಬಣ್ಣದಲ್ಲೇ ಉಳಿಯಿತು. ತೊನ್ನಿನ ಮಚ್ಚೆ ಎದ್ದಂತಾಯಿತು. ಒಂದು ವಾರಕ್ಕೆ ಆ ಹಿತ್ತಾಳೆ ಮತ್ತೆ ಮಂಕಾಯಿತು. ಕಿಲುಬು ಮಾತ್ರ ಚೆನ್ನಾಗಿ ಬಿಟ್ಟಿತು, ಅದನ್ನು ಒಪ್ಪಲೇಬೇಕು.

ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಟೋಪಿ ಅದ್ದಿದೆ. ಐದು ನಿಮಿಷಕ್ಕೆ ತೆಗೆದು ನೋಡಿದಾಗ ಕಲ್ಲಾಗಿದ್ದ ಕರೆ ಮೆತ್ತಗಾಗಿತ್ತು, ಬ್ರಷ್ ಆಡಿಸಿದರೆ ಎದ್ದುಬಂತು. ಇಲ್ಲಿಗೆ ನಿಲ್ಲಿಸಬೇಕಿತ್ತು. ‘ಇನ್ನೊಂಚೂರು’ ಅಂತ ಮತ್ತೆ ಅದ್ದಿಟ್ಟು ಫೋನ್ ಮಾತಾಡುತ್ತಾ ಮರೆತೆ. ಮೂರು ಗಂಟೆ! ಹೊರಗೆ ತೆಗೆದಾಗ ಅಂಚುಗಳು ತಾಮ್ರದಂತೆ ಕೆಂಪಗಾಗಿದ್ದವು. ಹಿತ್ತಾಳೆ ಅಂದರೆ ತಾಮ್ರ, ಸತು ಸೇರಿದ್ದು. ಹುಳಿಯಲ್ಲಿ ಜಾಸ್ತಿ ಹೊತ್ತು ಇದ್ದರೆ ಸತು ಬಿಟ್ಟುಹೋಗಿ ತಾಮ್ರದ ಬಣ್ಣ ಮೇಲೆ ನಿಲ್ಲುತ್ತದೆ. ಅಂದರೆ ವಿನೆಗರ್ ಒಳ್ಳೇ ಆಳು, ಗಡಿಯಾರ ಮುಂದಿಟ್ಟುಕೊಂಡು ಕೆಲಸ ಮಾಡಿಸಬೇಕು ಅಷ್ಟೇ. ತಾತನ ಸೆಟ್ಟಿಗೆ ಐದೇ ನಿಮಿಷ ಕೊಟ್ಟೆ, ಕೂಡಲೇ ಸೋಪು ನೀರಲ್ಲಿ ತೊಳೆದೆ. ಗೆದ್ದದ್ದು ಇದೇ.

ಟೂತ್‌ಪೇಸ್ಟ್ ಪರವಾಗಿಲ್ಲ. ಹಿಡಿಯ ಗೀರುಗೀರು ಕೆತ್ತನೆಯೊಳಗೆ ಒಣಗಿ ಕೂತು ಮತ್ತೆ ಬಿಳಿ ಮಾಡಿತು. ಅದನ್ನು ಕೆದಕೋಕೆ ಇನ್ನರ್ಧ ಗಂಟೆ.

ಲೋಹದ ಪಾಲಿಶ್ ವಿಚಾರಕ್ಕೆ ಬಂದರೆ ಹೊಟ್ಟೆ ಉರಿಯುತ್ತದೆ. ಚಿನ್ನದ ಬಣ್ಣದ ತಲೆಗೆ ಬಟ್ಟೆಯಲ್ಲಿ ಒಂಚೂರು ಹಚ್ಚಿ ಉಜ್ಜಿದೆ. ಏನು ಹೊಳಪು! ಬಟ್ಟೆ ಕಪ್ಪಗಾಯಿತು, ಕೊಳೆ ಬರ್ತಿದೆ ಅಂತ ಖುಷಿಪಟ್ಟೆ. ಮತ್ತೆ ಉಜ್ಜಿದೆ, ಮತ್ತೆ ಕಪ್ಪು. ಕೊಳೆ ಮುಗಿದ ಮೇಲೂ ಬಟ್ಟೆ ಕಪ್ಪಗಾಗುತ್ತಲೇ ಇದ್ದರೆ ಬರುತ್ತಿರೋದು ಲೋಹವೇ. ಚಿನ್ನದ ಲೇಪ ಎಷ್ಟು ತೆಳು ಅಂದರೆ ಮೂರನೇ ಸಲಕ್ಕೆ ಮೂಲೆಗಳಲ್ಲಿ ಹಿತ್ತಾಳೆ ಎದ್ದು ಕುಳಿತಿತ್ತು. ತಪ್ಪು ಡಬ್ಬಿಯದ್ದಲ್ಲ, ನನ್ನ ಕೈಯದ್ದು. ಚಿನ್ನದ ಲೇಪಕ್ಕೆ ಸೋಪು ನೀರು ಬಿಟ್ಟು ಏನೂ ಬೇಡ. ಅಲ್ಯುಮಿನಿಯಂ ಹಿಡಿಯನ್ನೂ ಹೀಗೇ ಕೆಡಿಸಿದೆ, ಸೋಡಾ ಹಾಕಿದ ಬಿಸಿನೀರಲ್ಲಿ ಅದ್ದಿ. ಕಪ್ಪಗಾಗಿ ಹೋಯಿತು.

ಚಿಟ್ಟೆ ರೇಜರ್‌ನ ಬಾಗಿಲು ಬಿಗಿದುಕೊಂಡಿತ್ತು. ಪಕ್ಕಡ್ ಹಾಕೋಕೆ ಹೋಗಬೇಡಿ, ಒಳಗಿನ ಕಡ್ಡಿ ಬಾಗಿದರೆ ಕಥೆ ಮುಗಿಯಿತು. ಬಿಸಿ ಸೋಪು ನೀರಲ್ಲಿ ನೆನೆಸೋದು, ಗುಂಡಿಯನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸೋದು, ಮತ್ತೆ ನೆನೆಸೋದು. ಎರಡು ದಿನ ಹಿಡಿಯಿತು. ಆಮೇಲೆ ಒಂದು ತೊಟ್ಟು ಎಣ್ಣೆ. ಮೊದಲು ಕೊಬ್ಬರಿ ಎಣ್ಣೆ ಹಾಕಿದ್ದೆ, ತಿಂಗಳು ಕಳೆಯೋದರೊಳಗೆ ಅಂಟಾಯಿತು. ನಮ್ಮೂರಲ್ಲಿ ಜೀನ್ಸ್ ಹೊಲಿಯುವ ಯೂನಿಟ್‌ಗಳಿಗೇನು ಬರವೇ? ಪಕ್ಕದ ಮನೆಯವರಿಂದ ಹೊಲಿಗೆ ಮಷಿನ್ ಎಣ್ಣೆ ಇಸ್ಕೊಂಡು ಬಾಗಿಲ ಕೀಲಿಗೆ, ಗುಂಡಿಯ ಬುಡಕ್ಕೆ ಒಂದೊಂದು ತೊಟ್ಟು ಬಿಟ್ಟೆ. ಈಗ ಬೆಣ್ಣೆಯಂತೆ ತಿರುಗುತ್ತದೆ.

ಕೊನೆಗೆ ಪ್ಲೇಟಿಂಗ್. ಅವಳಿ ಟೆಕ್ ಹೇಗೂ ನನ್ನ ಪ್ರಯೋಗಗಳಲ್ಲಿ ನೊಂದಿತ್ತು, ಅದನ್ನೇ ಕೊಟ್ಟೆ. ಬೈಕಿನ ಸೈಲೆನ್ಸರ್ ಪ್ಲೇಟಿಂಗ್ ಮಾಡುವ ಕಡೆ, 600 ರೂಪಾಯಿ. ವಾರದ ಮೇಲೆ ಕನ್ನಡಿಯಂಥ ರೇಜರ್ ಬಂತು. ಮುಖ ಕಾಣುತ್ತದೆ! ತಿರುಗಿಸಿ ಅಡಿ ನೋಡಿದೆ, ಮೇಡ್ ಇನ್ ಇಂಗ್ಲೆಂಡ್ ಮಾಯ. ಪ್ಲೇಟಿಂಗ್‌ಗೆ ಮುಂಚೆ ಚಕ್ರಕ್ಕೆ ಹಿಡಿದು ಉಜ್ಜುತ್ತಾರೆ, ಅದರಲ್ಲಿ ಅಕ್ಷರಗಳು ಸವೆದುಹೋಗಿದ್ದವು. ತಟ್ಟೆಯ ಅಂಚೂ ದುಂಡಾಗಿತ್ತು. ಬ್ಲೇಡು ಹಾಕಿ ಕಣ್ಣಿನ ಮಟ್ಟಕ್ಕೆ ಹಿಡಿದರೆ ಒಂದು ಕಡೆ ಬ್ಲೇಡು ಜಾಸ್ತಿ ಇಣುಕುತ್ತದೆ, ಇನ್ನೊಂದು ಕಡೆ ಕಮ್ಮಿ. ಆ ಜಾಸ್ತಿ ಇಣುಕುವ ಕಡೆಯಿಂದ ಗದ್ದಕ್ಕೆ ಎರಡು ಗಾಯ ಮಾಡಿಕೊಂಡೆ. ಹಳೇ ರೇಜರ್ ಕೊಳ್ಳುವಾಗಲೂ ಹೀಗೇ ಬ್ಲೇಡು ಹಾಕಿ ಎರಡೂ ಕಡೆಯ ಸಂದಿ ನೋಡಿ. ಕೆಳಗೆ ಬಿದ್ದು ಟೋಪಿ ಬಾಗಿದ್ದರೆ ಅದು ಎಷ್ಟು ಹೊಳೆದರೂ ಬೇಡ.

ತಾತನದು ಅಷ್ಟು ಹೊಳೆಯೋದಿಲ್ಲ. ಮಸುಕು ಬೂದು, ಹಿಡಿಯಲ್ಲಿ ಅಲ್ಲಲ್ಲಿ ಹಳದಿ. ಮೆಡಿಕಲ್ ಶಾಪಿನ ಸ್ಪಿರಿಟ್‌ನಲ್ಲಿ ಹತ್ತು ನಿಮಿಷ ಅದ್ದಿ ಒಣಗಿಸಿ, ಹೊಸ ಬ್ಲೇಡು ಹಾಕಿ ಶೇವ್ ಮಾಡಿದೆ. ತಲೆಯ ಭಾರವೇ ಸಾಕು, ಒತ್ತೋದೇ ಬೇಡ. ಈಗ ದಿನಾ ಅದೇ. ಶೇವ್ ಆದ ಮೇಲೆ ಒಂದು ಲೋಟ ಆರ್‌ಓ ನೀರಲ್ಲಿ ಅದ್ದಿ, ಬಿಚ್ಚಿ ಒರೆಸಿಡುತ್ತೇನೆ. ಎಂಟು ತಿಂಗಳಾಯಿತು, ಬಿಳಿ ಪದರ ಕಟ್ಟಿಲ್ಲ.

ಮೊನ್ನೆ ದೊಡ್ಡಮ್ಮ ಬಂದಾಗ ಎರಡೂ ಟೆಕ್‌ಗಳನ್ನು ಅವರ ಮುಂದಿಟ್ಟೆ. ಕನ್ನಡಕ ಸರಿಮಾಡಿಕೊಂಡು ನೋಡಿದರು. ಪ್ಲೇಟಿಂಗ್ ಮಾಡಿಸಿದ್ದನ್ನು ಎತ್ತಿಕೊಂಡು, ಸೆರಗಿನಲ್ಲಿ ಒಂದು ಸಲ ಒರೆಸಿ, "ಇದ ನೋಡು ನಮ್ಮಪ್ಪನ ಬೆಳ್ಳಿ ಸೆಟ್ಟು. ಹುಣಸೆಹಣ್ಣು ಹಚ್ಚಿದಿ ಹೌದಿಲ್ಲೋ?" ಅಂದರು. ನಾನು ಹೂಂ ಅಂದೆ. ಅದನ್ನು ಅವರೇ ತೆಗೆದುಕೊಂಡು ಹೋದರು.