ಫ್ರೋಜನ್ ವಾಂಟನ್ ಖಾರವಾಗಿ ತಿನ್ನೋಕೆ: ಬೇಯಿಸೋದಾ, ಹಬೆಗಿಡೋದಾ, ಹುರಿಯೋದಾ?

ಮೊದಲೇ ಹೇಳ್ಬಿಡ್ತೀನಿ, ನನ್ನ ವೋಟು ನೀರಲ್ಲಿ ಬೇಯಿಸಿದ್ದಕ್ಕೇ. ಫ್ರೀಜರಲ್ಲಿ ಒಂದು ಪ್ಯಾಕೆಟ್ ವಾಂಟನ್ (ತೆಳು ಹಿಟ್ಟಿನ ಹಾಳೇಲಿ ಹೂರಣ ಇಟ್ಟು ಮಡಿಚಿದ ಚೀನೀ ಕಡುಬು) ಇದ್ರೆ ರಾತ್ರಿ ಊಟ 15 ನಿಮಿಷದ ಕೆಲಸ, ಆದ್ರೆ ಅದನ್ನ ಹೇಗೆ ಬೇಯಿಸ್ತೀರಾ, ಮೇಲೆ ಎಂಥ ಖಾರ ಹಾಕ್ತೀರಾ ಅನ್ನೋದರ ಮೇಲೆ ಅದೇ ಪ್ಯಾಕೆಟ್ಟು ಒಂದಿನ ಸೂಪರ್ ಆಗಿರುತ್ತೆ, ಇನ್ನೊಂದಿನ ಸಪ್ಪೆ ಹಿಟ್ಟು ತಿಂದಂಗಿರುತ್ತೆ. ಎಲ್ಲಾ ತರನೂ ಮಾಡಿ ತಿಂದು ನೋಡಿದ್ಮೇಲೆ ಬರೀತಿದೀನಿ.

ಹೇಗೇ ಮಾಡಿದ್ರೂ ಒಂದು ಮಾತು ಮಾತ್ರ ಬದಲಾಗಲ್ಲ, ಫ್ರೀಜರಿಂದ ತೆಗೆದು ಹೊರಗಿಟ್ಟು ಕರಗಿಸ್ಬೇಡಿ. ವಾಂಟನ್ ಹಾಳೆ ತುಂಬಾ ತೆಳು, ಐಸ್ ಕರಗಿದ್ರೆ ನೆನೆದು ಒಂದಕ್ಕೊಂದು ಅಂಟ್ಕೊಂಡು ಬಿಡಿಸೋವಾಗ್ಲೇ ಹರಿಯುತ್ತೆ.

ಬೇಯಿಸೋದು ಅಂದ್ರೆ ಅಗಲವಾದ ಪಾತ್ರೇಲಿ ಜಾಸ್ತಿ ನೀರು ಇಟ್ಟು, ಅದು ಚೆನ್ನಾಗಿ ಕುದಿಯೋವಾಗ ಹಾಕಿ, ಹಾಕಿದ ತಕ್ಷಣ ಸೌಟಿನ ಹಿಂಬದಿಯಿಂದ ಮೆಲ್ಲಗೆ ಒಂದ್ಸಲ ತಳ್ಳಬೇಕು, ಇಲ್ಲಾಂದ್ರೆ ತಳ ಹಿಡಿಯುತ್ತೆ. ಮತ್ತೆ ಕುದಿ ಬಂದ್ಮೇಲೆ ಉರಿ ಸ್ವಲ್ಪ ಇಳಿಸಿ, ಜೋರಾಗಿ ಕುದಿಸಿದ್ರೆ ಅಂಚು ಬಿಟ್ಕೊಳ್ಳುತ್ತೆ. ಮೇಲೆ ತೇಲ್ತು ಅಂತ ತಕ್ಷಣ ಎತ್ತಬೇಡಿ, ಹಸಿ ಮಾಂಸದ ಹೂರಣ ಆದ್ರೆ ತೇಲಿದ ಮೇಲೂ ಒಂದೆರಡು ನಿಮಿಷ ಬೇಕು. ಅರೆದ ಹಂದಿ ಮಾಂಸ ಒಳಗಡೆ 71 ಡಿಗ್ರಿ ಸೆಲ್ಸಿಯಸ್, ಚಿಕನ್ ಆದ್ರೆ 74 ಮುಟ್ಟಬೇಕು, ಥರ್ಮಾಮೀಟರ್ ಇಲ್ದಿದ್ರೆ ಒಂದನ್ನ ಕತ್ತರಿಸಿ ನೋಡಿ.

ಇದು ಯಾಕೆ ಗೆಲ್ಲುತ್ತೆ ಅಂದ್ರೆ, ಬೆಂದ ಹಾಳೆ ಜಾರುಜಾರಾಗಿ, ಮಡಿಕೆ ಮಡಿಕೆಯಾಗಿ ಇರುತ್ತಲ್ಲ, ಆ ಮಡಿಕೆಗಳಲ್ಲೆಲ್ಲ ಸಾಸ್ ಹೋಗಿ ಕೂರುತ್ತೆ. ಚೀನಾದ ಸಿಚುವಾನ್ ಕಡೆ ಕೆಂಪು ಮೆಣಸಿನೆಣ್ಣೇಲಿ ಕೊಡೋ ವಾಂಟನ್ ಕೂಡ ಬೇಯಿಸಿದ್ದೇ, ಹಬೇದಲ್ಲ ಕರಿದಿದ್ದಲ್ಲ.

ಹಬೆ ನಂಗೆ ಅಷ್ಟು ಹಿಡಿಸ್ಲಿಲ್ಲ. ತಟ್ಟೆಗೆ ಎಣ್ಣೆ ಸವರಿ ಅಥವಾ ಕೋಸಿನ ಎಲೆ ಹಾಸಿ 8–10 ನಿಮಿಷ ಇಟ್ರೆ ಒಳಗಿನ ರಸ ಚೆನ್ನಾಗಿ ಉಳಿಯುತ್ತೆ ನಿಜ, ಆದ್ರೆ ಮೇಲಿನ ಅಂಚು ಒಣಗಿ ರಬ್ಬರ್ ತರ ಆಗುತ್ತೆ, ಸಾಸ್ ಹಾಕಿದ್ರೆ ಜಾರಿ ತಟ್ಟೆಗೆ ಹೋಗುತ್ತೆ.

ಪ್ಯಾನಲ್ಲಿ ಎಣ್ಣೆ ಹಾಕಿ ಜೋಡಿಸಿ, ಸ್ವಲ್ಪ ನೀರು ಚುಮುಕಿಸಿ ಮುಚ್ಚಿಟ್ಟು, ಆಮೇಲೆ ಮುಚ್ಚಳ ತೆಗೆದು ತಳ ಗರಿಗರಿ ಮಾಡೋ ರೀತಿ ದಪ್ಪ ಹಾಳೆಯ, ತಳ ಚಪ್ಪಟೆ ಇರೋ ಡಂಪ್ಲಿಂಗಿಗೆ ಹೇಳಿ ಮಾಡಿಸಿದ್ದು. ವಾಂಟನ್ನಿಗೆ ನೆಟ್ಟಗೆ ಕೂರೋಕೆ ತಳವೇ ಇಲ್ಲ, ಒಂದು ಮೂಲೆ ಸೀದಿರುತ್ತೆ ಇನ್ನೊಂದು ಮೂಲೆ ಬೆಳ್ಳಗಿರುತ್ತೆ. ಎಣ್ಣೇಲಿ ಕರಿದಿದ್ದು ತಿನ್ನೋಕೆ ಭರ್ಜರಿ, ಆದ್ರೆ ಖಾರದ ಸಾಸಲ್ಲಿ ಮುಳುಗಿಸಿದ್ರೆ ಆ ಗರಿಗರಿ ಎರಡೇ ನಿಮಿಷಕ್ಕೆ ಹೋಯ್ತು, ಅದನ್ನ ಅದ್ದಿಕೊಂಡು ತಿನ್ನೋದೇ ಸರಿ. ಮೇಲಂಟಿದ ಐಸ್ ಚೂರು ಬಿಸಿ ಎಣ್ಣೆಗೆ ಬಿದ್ರೆ ಸಿಡಿಯುತ್ತೆ, ಅದನ್ನ ಉದುರಿಸಿ ಒಂದೊಂದಾಗಿ ಬಿಡಿ.

ಸೂಪಲ್ಲಿ ಹಾಕೋದು ಶೀತ ಆದಾಗ, ಚಳಿಗೆ ತುಂಬಾ ಹಿತ, ಆದ್ರೆ ಖಾರ ಅಂತ ನೋಡಿದ್ರೆ ಹಿಂದೆ ಬೀಳುತ್ತೆ. ಮೆಣಸಿನಕಾಯಿ ಖಾರ ಕೊಡೋ ಕ್ಯಾಪ್ಸೈಸಿನ್ ನೀರಲ್ಲಿ ಸರಿಯಾಗಿ ಕರಗಲ್ಲ ಎಣ್ಣೇಲಿ ಕರಗುತ್ತೆ, ಎಣ್ಣೆ ಸೂಪ್ ಮೇಲೆ ತೇಲುತ್ತೆ, ಹಂಗಾಗಿ ಮೊದಲ ನಾಲ್ಕು ಚಮಚ ಬೆಂಕಿ, ತಳ ಮುಟ್ಟೋ ಹೊತ್ತಿಗೆ ಸಪ್ಪೆ.

ಇನ್ನು ಖಾರದ ವಿಷ್ಯ, ಅಸಲಿ ರುಚಿ ಇರೋದು ಇಲ್ಲೇ. ಲಾವೋ ಗಾನ್ ಮಾ ಅನ್ನೋ ಚೀನೀ ಬ್ರಾಂಡಿನ ತರದ ಬಾಟಲಿ ಚಿಲ್ಲಿ ಕ್ರಿಸ್ಪ್ (ಗರಿಗರಿ ಮೆಣಸಿನಕಾಯಿ ಚೂರಿರೋ ಎಣ್ಣೆ) ಸುಸ್ತಾಗಿ ಬಂದ ದಿನಕ್ಕೆ ಬೆಸ್ಟ್, ಹುದುಗಿಸಿದ ಸೋಯಾ ಕಾಳು, ಈರುಳ್ಳಿ, ಕರುಂ ಕುರುಂ ಎಲ್ಲಾ ಅದರಲ್ಲೇ ಇರುತ್ತೆ, ಆದ್ರೆ ಅದನ್ನೊಂದೇ ಹಾಕಿದ್ರೆ ಬರೀ ಎಣ್ಣೆ ಎಣ್ಣೆ ಅನ್ಸುತ್ತೆ, ಹುಳಿ ಬೇಕೇ ಬೇಕು. ಎಳ್ಳಿನ ಪೇಸ್ಟ್ ಅಥವಾ ಪೀನಟ್ ಬಟರ್ ಕಲಸಿದ ಸಾಸ್ ಗಟ್ಟಿಯಾಗಿ ಹೊಟ್ಟೆ ತುಂಬೋ ಹಂಗಿರುತ್ತೆ, ಆದ್ರೆ ಖಾರನ ಮುಚ್ಚಿಹಾಕುತ್ತೆ, ಮಕ್ಕಳಿಗೆ ಅಂದ್ರೆ ಇದೇ ಮಾಡಿ.

ನಂಗಿಷ್ಟ ಆಗಿದ್ದು ಆಗಷ್ಟೇ ಬಿಸಿ ಎಣ್ಣೆ ಸುರಿದು ಮಾಡೋದು. ನೀರು ಕುದಿಯೋಕೆ ಇಟ್ಟ ಟೈಮಲ್ಲೇ ಆಗಿಹೋಗುತ್ತೆ. ಬಿಸಿ ತಡೆಯೋ ಬಟ್ಟಲಲ್ಲಿ ಒಂದು ದೊಡ್ಡ ಚಮಚ ತರಿತರಿ ಒಣಮೆಣಸಿನಕಾಯಿ ಪುಡಿ, ಜಜ್ಜಿದ ಬೆಳ್ಳುಳ್ಳಿ ಒಂದೆಸಳು, ಎಳ್ಳು, ಹುರಿದು ಪುಡಿ ಮಾಡಿದ ಸಿಚುವಾನ್ ಪೆಪ್ಪರ್ ಒಂದು ಚಿಟಿಕೆ ಹಾಕಿ (ನಾಲಿಗೆ ಜುಮ್ಮೆನ್ನೋದು ಇದರಿಂದ್ಲೇ, ಮೆಣಸಿನಕಾಯಿಂದ ಅಲ್ಲ), ಎರಡು ದೊಡ್ಡ ಚಮಚ ಎಣ್ಣೆ ಬಿಸಿ ಮಾಡಿ ಸುರಿಯಿರಿ. ಎಣ್ಣೆ ಹೊಗೆಯಾಡ್ತಿದ್ರೆ ಅರ್ಧ ನಿಮಿಷ ಬಿಟ್ಟು ಸುರಿಯಿರಿ, ಪುಡಿ ಕಪ್ಪಾದ್ರೆ ಕಹಿ ಬಂತು ಅಂತಾನೇ ಲೆಕ್ಕ. ಆಮೇಲೆ ಸೋಯಾ ಸಾಸ್ ಒಂದು ದೊಡ್ಡ ಚಮಚ, ಕಪ್ಪು ವಿನೆಗರ್ ಎರಡು ಸಣ್ಣ ಚಮಚ, ಸಕ್ಕರೆ ಅರ್ಧ ಸಣ್ಣ ಚಮಚ. ಇದು 10–12 ವಾಂಟನ್ನಿಗೆ ಸಾಕು. ಕಪ್ಪು ವಿನೆಗರ್ ಇಲ್ದಿದ್ರೆ ಬಿಳಿ ವಿನೆಗರ್ ಆಗುತ್ತೆ, ಅದು ಚುರುಕು ಜಾಸ್ತಿ ಅಂತ ಅರ್ಧದಷ್ಟೇ ಹಾಕಿ. ಸಕ್ಕರೆ ಬಿಡ್ಬೇಡಿ ದಯವಿಟ್ಟು, ಅದಿಲ್ದೆ ಉಪ್ಪು, ಹುಳಿ, ಖಾರ ಮೂರೂ ಬೇರೆ ಬೇರೆ ಕಡೆ ಎಳೀತವೆ.

ಕೊನೇಲಿ ವಾಂಟನ್ ಬೆಂದ ನೀರು ಎರಡು ದೊಡ್ಡ ಚಮಚ ಈ ಸಾಸಿಗೆ ಸೇರಿಸಿ ಕಲಕಿ, ಹಿಟ್ಟಿನ ಅಂಶ ಇರೋದ್ರಿಂದ ಎಣ್ಣೆ ಬೇರೆಯಾಗಿ ನಿಲ್ಲದೆ ಹಾಳೆಗೆ ಹಿಡ್ಕೊಳ್ಳುತ್ತೆ, ಹಬೆಗಿಟ್ರೆ ಅಥವಾ ಕರಿದ್ರೆ ಈ ನೀರು ಎಲ್ಲಿಂದ ಬರುತ್ತೆ ಹೇಳಿ. ಹಸಿವು ಜಾಸ್ತಿ ಇದ್ರೆ ಅದೇ ನೀರಲ್ಲಿ ಒಂದು ಹಿಡಿ ನೂಡಲ್ಸ್ ಬೇಯಿಸ್ಕೊಂಡು ಬಟ್ಟಲಲ್ಲಿ ಉಳಿದ ಸಾಸಿಗೆ ಹಾಕ್ಕೊಳ್ಳಿ.