ಎಡ ಕೆನ್ನೆ, ಬಲ ಕೆನ್ನೆ: ಸೂಕ್ಷ್ಮ ಚರ್ಮಕ್ಕೆ ಯಾವ ರೆಟಿನಾಯ್ಡ್?

ಮೊದಲೇ ಹೇಳಿಬಿಡುತ್ತೇನೆ, ನನ್ನ ಮುಖಕ್ಕೆ ಸೊಕ್ಕು ಜಾಸ್ತಿ. ಊರಿಂದ ಬಂದ ಹಸಿ ಅರಶಿನ ಹಚ್ಚಿದರೂ ಕೆಂಪಾಗುತ್ತದೆ. ಪಾರ್ಲರ್‌ನಲ್ಲಿ ಬ್ಲೀಚ್ ಮಾಡಿಸಿದರೆ ಎರಡು ದಿನ ಮುಖ ಮುಚ್ಚಿಕೊಂಡು ಓಡಾಡಬೇಕು. ಇಷ್ಟು ಸಾಲದು ಎಂಬಂತೆ ಮೂವತ್ತು ದಾಟಿದ ಮೇಲೂ ಗಲ್ಲದ ಸುತ್ತ ಮೊಡವೆ, ಮೊಡವೆ ಹೋದ ಕಡೆಯೆಲ್ಲ ಕಂದು ಕಲೆ. ಡೊಂಬಿವ್ಲಿಯಿಂದ ಫೋರ್ಟ್‌ವರೆಗೆ ಲೋಕಲ್‌ನಲ್ಲಿ ಬೆವರು ಸುರಿಸಿಕೊಂಡು ಹೋಗಿ, ಆಮೇಲೆ ಎಂಟು ಗಂಟೆ ಎಸಿಯಲ್ಲಿ ಒಣಗುವ ಮುಖ ಅದು. ಸುಮ್ನೆ ಇರು ಅಂದರೆ ಇರುತ್ತದೆಯೇ?

ಎರಡು ವರ್ಷದಲ್ಲಿ ಒಂದೊಂದಾಗಿ ಐದು ಬಗೆ ಹಚ್ಚಿ ನೋಡಿದೆ. ರೆಟಿನಾಲ್, ಅಡಾಪಲೀನ್, ಟ್ರೆಟಿನಾಯಿನ್, ಬಾಕುಚಿಯೋಲ್, ಅಜೆಲೈಕ್ ಆಸಿಡ್. ಮೊದಲ ಮೂರು ರೆಟಿನಾಯ್ಡ್, ಅಂದರೆ ಮೊಡವೆ, ಕಲೆ, ಸುಕ್ಕಿಗೆ ಹಚ್ಚುವ ವಿಟಮಿನ್ ಎ ಬಳಗದವು. ಉಳಿದೆರಡು ಅವುಗಳ ಬದಲಿಗೆ ಹಚ್ಚುವಂಥವು. ನಾನು ಡಾಕ್ಟರ್ ಅಲ್ಲ, ಇದು ನನ್ನ ಚರ್ಮದ ಕಥೆ. ಇದರಲ್ಲಿ ನನಗೆ ಅತಿ ದೊಡ್ಡ ಆಶ್ಚರ್ಯ ಎಂದರೆ, "ಸೌಮ್ಯ" ಎಂದು ಬಾಟಲಿ ಮೇಲೆ ಬರೆದುಕೊಂಡಿದ್ದೇ ನನ್ನ ಮುಖ ಸುಟ್ಟದ್ದು, ಎಲ್ಲರೂ ಹೆದರಿಸಿದ ಔಷಧಿ ಟ್ಯೂಬ್ ಮಾತ್ರ ಹೊಂದಿಕೊಂಡು ಹೋಯಿತು.

ಮೊದಲ ಮೂರರ ನಂಟು ಒಮ್ಮೆ ಅರ್ಥ ಮಾಡಿಕೊಂಡರೆ ಮುಂದಿನದು ಸುಲಭ. ಭತ್ತ, ಅಕ್ಕಿ, ಅನ್ನ ಅಂದುಕೊಳ್ಳಿ. ರೆಟಿನಾಲ್ ಭತ್ತ. ಅದು ಚರ್ಮದೊಳಗೆ ಹೋಗಿ ಮೊದಲು ರೆಟಿನಾಲ್ಡಿಹೈಡ್ ಆಗಬೇಕು, ಅದು ಅಕ್ಕಿ. ಆಮೇಲೆ ರೆಟಿನೋಯಿಕ್ ಆಸಿಡ್ ಆಗಬೇಕು, ಅದು ಅನ್ನ. ಚರ್ಮಕ್ಕೆ ಉಣ್ಣಲು ಬರುವುದು ಅನ್ನ ಮಾತ್ರ. ಟ್ರೆಟಿನಾಯಿನ್ ಎಂದರೆ ನೇರವಾಗಿ ಬಡಿಸಿದ ಅನ್ನ, ಅದಕ್ಕೇ ಜೋರು. ಅಡಾಪಲೀನ್ ಈ ಗದ್ದೆಯ ಬೆಳೆಯೇ ಅಲ್ಲ, ಪ್ರಯೋಗಾಲಯದಲ್ಲಿ ಮಾಡಿದ್ದು. ಆದರೆ ಚರ್ಮದ ಕೋಶಗಳಲ್ಲಿ ರೆಟಿನೋಯಿಕ್ ಆಸಿಡ್ ಹೋಗಿ ಕೂರುವ ಜಾಗಗಳಲ್ಲಿ ಕೆಲವನ್ನು ಮಾತ್ರ ಆರಿಸಿಕೊಂಡು ಕೂರುತ್ತದೆ. ಎಲ್ಲ ಬಾಗಿಲೂ ತಟ್ಟುವುದಿಲ್ಲ, ಹಾಗಾಗಿ ಗಲಾಟೆ ಕಡಿಮೆ.

ಈಗ ಅನಾಹುತದಿಂದಲೇ ಶುರು ಮಾಡೋಣ. ಆನ್‌ಲೈನ್ ಸೇಲ್‌ನಲ್ಲಿ 0.5% ರೆಟಿನಾಲ್ ಸೀರಮ್ ತೆಗೆದುಕೊಂಡೆ. ಯಾವ ಕಂಪನಿ ಎಂದು ಹೇಳುವುದಿಲ್ಲ, ಅದರ ತಪ್ಪಿಗಿಂತ ನನ್ನ ಆತುರವೇ ಜಾಸ್ತಿ ಇತ್ತು. ಬಾಟಲಿಯ ಹಿಂದೆ ಏನೇನು ಹಾಕಿದ್ದಾರೆ ಎಂಬ ಪಟ್ಟಿ ಓದದೆ ಪ್ರತಿ ರಾತ್ರಿ ಹಚ್ಚಿದೆ. ಏಳನೇ ದಿನ ಮುಖ ತೊಳೆದರೆ ಬರೀ ನೀರೇ ಚುರುಚುರು ಅನ್ನಲು ಶುರುವಾಯಿತು. ಒಂಬತ್ತನೇ ದಿನ ಮೂಗಿನ ಪಕ್ಕ, ಬಾಯಿಯ ಮೂಲೆ ಸಿಪ್ಪೆ ಎದ್ದು, ಕಣ್ಣಿನ ಕೆಳಗೆ ಸುಟ್ಟ ಹಪ್ಪಳದಂತೆ ಆಗಿತ್ತು. ಅಮ್ಮ ನೋಡಿ, "ಎಂತ ಮಾರಾಯ್ತಿ, ಮೋರೆಗೆ ಕಾದ ಎಣ್ಣೆ ಸಿಡಿಯಿತಾ?" ಅಂದಳು. ಆಮೇಲೆ ಭೂತಗನ್ನಡಿ ಹಿಡಿದು ಪಟ್ಟಿ ಓದಿದೆ. ರೆಟಿನಾಲ್ ಜೊತೆ ಚರ್ಮದ ಮೇಲ್ಪದರ ಸುಲಿಯುವ ಗ್ಲೈಕಾಲಿಕ್ ಆಸಿಡ್ ಇತ್ತು, ಸುಗಂಧ ಇತ್ತು, ನಿಂಬೆ ಸಿಪ್ಪೆಯ ಎಣ್ಣೆ ಇತ್ತು. ಸೂಕ್ಷ್ಮ ಚರ್ಮಕ್ಕೆ ಆಗದ ಮೂರೂ ಒಂದೇ ಬಾಟಲಿಯಲ್ಲಿ! ಉರಿ ರೆಟಿನಾಲ್‌ನದ್ದೋ, ಉಳಿದವುಗಳದ್ದೋ ಎಂದು ಕೇಳಿದರೆ ಈಗಲೂ ನನ್ನ ಬಳಿ ಉತ್ತರವಿಲ್ಲ.

ಚರ್ಮದ ಡಾಕ್ಟರ್ ಹತ್ತಿರ ಹೋದೆ. ಅವರು ಬೈಯಲಿಲ್ಲ, ಆದರೆ ಒಂದು ತಿಂಗಳು ಎಲ್ಲ ನಿಲ್ಲಿಸಿ ಅಂದರು. ನೊರೆ ಕಡಿಮೆ ಬರುವ ಕ್ಲೆನ್ಸರ್, ಸೆರಮೈಡ್ (ಚರ್ಮದಲ್ಲೇ ಇರುವ ಒಂದು ಬಗೆಯ ಜಿಡ್ಡು) ಇರುವ ಬಿಳಿ ಕ್ರೀಮ್, ಸನ್‌ಸ್ಕ್ರೀನ್. ಅಷ್ಟೇ. ಸೋಪೂ ಬೇಡ ಅಂದರು. ಚರ್ಮದ ಮೇಲ್ಮೈ ಸ್ವಲ್ಪ ಹುಳಿ ಗುಣದ್ದು, ಪಿಎಚ್ ಸುಮಾರು 5. ಸೋಪಿನದ್ದು 9, 10ರ ಹತ್ತಿರ. ದಿನಾ ಎರಡು ಸಲ ಅದರಲ್ಲಿ ತಿಕ್ಕಿದರೆ ಮೇಲಿನ ಪದರ ಸಡಿಲವಾಗುತ್ತದಂತೆ. ಆ ಒಂದು ತಿಂಗಳು ಬೇಸರ ಬಂತು, ನಿಜ. ಆದರೆ ಮುಂದೆ ಯಾವುದಾದರೂ ಹೊಂದಿಕೊಂಡಿದ್ದರೆ ಅದಕ್ಕೆ ಆ ತಿಂಗಳೇ ಕಾರಣ.

ಆಮೇಲೆ ಅಡಾಪಲೀನ್ 0.1% ಜೆಲ್. ಅಮೆರಿಕದಲ್ಲಿ 2016ರಿಂದ ಇದು ಚೀಟಿ ಇಲ್ಲದೆ ಸಿಗುತ್ತದೆ, ನಮ್ಮಲ್ಲಿ ಡಾಕ್ಟರ್ ಚೀಟಿ ಬೇಕು. ಮೊದಲ ತಿಂಗಳು ವಾರಕ್ಕೆ ಎರಡೇ ರಾತ್ರಿ. ಮುಖ ತೊಳೆದು, ಒರೆಸಿ, ಇಪ್ಪತ್ತು ನಿಮಿಷ ಬಿಟ್ಟು ಪೂರ್ತಿ ಒಣಗಿದ ಮೇಲೆ, ಇಡೀ ಮುಖಕ್ಕೆ ಸೇರಿ ಒಂದು ಬಟಾಣಿ ಕಾಳಿನಷ್ಟು. ಇದು ಇಡೀ ಮುಖದ ಲೆಕ್ಕ, ಒಂದೊಂದು ಕೆನ್ನೆಗೆ ಒಂದೊಂದು ಕಾಳಲ್ಲ. ನನ್ನ ಅತ್ತಿಗೆ ಹಾಗೆ ತಿಳಿದು ಮುಖವೆಲ್ಲ ಸಿಪ್ಪೆ ಎಬ್ಬಿಸಿಕೊಂಡಿದ್ದಾಳೆ. ಜೆಲ್ ಹಚ್ಚುವ ಮೊದಲು ತೆಳುವಾಗಿ ಕ್ರೀಮ್, ಹಚ್ಚಿದ ಮೇಲೆ ಮತ್ತೆ ಕ್ರೀಮ್. ಸ್ಯಾಂಡ್‌ವಿಚ್ ಅನ್ನುತ್ತಾರಲ್ಲ, ಅದೇ. ಮೂಗಿನ ಪಕ್ಕ, ತುಟಿಯ ಮೂಲೆ, ಕಣ್ಣಿನ ಅಂಚಿಗೆ ಮೊದಲೇ ವ್ಯಾಸಲಿನ್ ಸವರಿಕೊಂಡರೆ ಔಷಧಿ ಅಲ್ಲಿ ಹೋಗಿ ಸೇರಿಕೊಳ್ಳುವುದಿಲ್ಲ.

ನಾಲ್ಕನೇ ವಾರ ಮೊಡವೆ ಕಡಿಮೆಯಾಗುವ ಬದಲು ಜಾಸ್ತಿಯಾಯಿತು. ಒಳಗೆ ಕಟ್ಟಿಕೊಂಡಿದ್ದೆಲ್ಲ ಬೇಗ ಮೇಲೆ ಬರುತ್ತದೆ, ಪರ್ಜಿಂಗ್ ಅನ್ನುವುದು ಇದನ್ನೇ. ಇಲ್ಲಿ ಒಂದು ಗುರುತು ಇಟ್ಟುಕೊಳ್ಳಿ. ಯಾವಾಗಲೂ ಮೊಡವೆ ಬರುವ ಜಾಗದಲ್ಲೇ ಬಂದು ಬೇಗ ಒಣಗಿದರೆ ತಾಳ್ಮೆ ಇರಲಿ. ಎಂದೂ ಬಾರದ ಕಡೆ ಸಣ್ಣ ಸಣ್ಣ ಗುಳ್ಳೆ, ತುರಿಕೆ, ಊತ ಬಂದರೆ ಅದು ಪರ್ಜಿಂಗ್ ಅಲ್ಲ, ಚರ್ಮಕ್ಕೆ ಆಗುತ್ತಿಲ್ಲ ಎಂದು ಅರ್ಥ. ನನಗೆ ಎಂಟನೇ ವಾರಕ್ಕೆ ಇಳಿಯಿತು, ಹನ್ನೆರಡನೇ ವಾರ ಗಲ್ಲ ನಯವಾಯಿತು. ಮೂರು ತಿಂಗಳಿಗಿಂತ ಮೊದಲು ಯಾವ ರೆಟಿನಾಯ್ಡ್ ಬಗ್ಗೆಯೂ ತೀರ್ಪು ಕೊಡಬೇಡಿ.

ಆ ಚಳಿಗಾಲ ಆಫೀಸ್ ಕೆಲಸಕ್ಕೆ ಎರಡು ತಿಂಗಳು ಪುಣೆಯಲ್ಲಿ ಅತ್ತಿಗೆ ಮನೆಯಲ್ಲಿದ್ದೆ, ಕೋಥ್ರೂಡ್‌ನಲ್ಲಿ. ಮುಂಬೈಯಲ್ಲಿ ವಾರಕ್ಕೆ ನಾಲ್ಕು ರಾತ್ರಿ ಆರಾಮಾಗಿ ಹಚ್ಚುತ್ತಿದ್ದ ಅದೇ ಜೆಲ್, ಅದೇ ಟ್ಯೂಬ್, ಪುಣೆಯ ಡಿಸೆಂಬರ್‌ನಲ್ಲಿ ಎರಡು ರಾತ್ರಿಗೇ ಕೆನ್ನೆ ಬಿರಿಯುವ ಹಾಗೆ ಮಾಡಿತು. ಮೊದಲು ಟ್ಯೂಬ್ ಕೆಟ್ಟಿರಬೇಕು ಅಂದುಕೊಂಡೆ. ಹಾಗಲ್ಲ. ಅಲ್ಲಿ ಚಳಿಗಾಲದ ಗಾಳಿ ಒಣ, ಚರ್ಮದ ನೀರು ಬೇಗ ಆರಿ ಹೋಗುತ್ತದೆ. ಇಲ್ಲಿಯದು ಸಮುದ್ರದ ಜಿಗುಟು ಗಾಳಿ. ಮುಂಬೈಯಲ್ಲಿ ನೀರಿನಂಥ ಜೆಲ್ ಮಾಯಿಶ್ಚರೈಸರ್ ಸಾಕಾಗುತ್ತಿತ್ತು, ಪುಣೆಯಲ್ಲಿ ಅದರ ಮೇಲೆ ದಪ್ಪ ಕ್ರೀಮೇ ಬೇಕಾಯಿತು. ಹಾಗಾಗಿ "ವಾರಕ್ಕೆ ಎಷ್ಟು ಸಲ?" ಎಂದು ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು ಯಾವ ಊರು, ಯಾವ ತಿಂಗಳು ಎಂದು. ಮನೆಯಲ್ಲಿ ಕೊಬ್ಬರಿ ಎಣ್ಣೆ ಇರುವಾಗ ಕ್ರೀಮ್ ಯಾಕೆ ಅಂತೀರಾ? ಕೈಕಾಲಿಗೆ ಚೆನ್ನ. ಮುಖಕ್ಕೆ ಹಚ್ಚಿದ ವಾರದಲ್ಲೇ ನನಗೆ ರಂಧ್ರ ಕಟ್ಟಿ ಮೊಡವೆ ಬಂತು.

ಮುಂಬೈಗೆ ವಾಪಸು ಬಂದ ಮೇಲೆ ಶುರುವಾಯಿತು ನೋಡಿ ಕೆನ್ನೆಗಳ ಪಂದ್ಯ. ಡಾಕ್ಟರ್‌ಗೆ ಹೇಳಿಯೇ ಮಾಡಿದೆ. ಎಡ ಕೆನ್ನೆಗೆ ಅಡಾಪಲೀನ್, ಬಲ ಕೆನ್ನೆಗೆ ಟ್ರೆಟಿನಾಯಿನ್ 0.025% ಕ್ರೀಮ್. ವಾರಕ್ಕೆ ಮೂರು ರಾತ್ರಿ, ಮೂರು ತಿಂಗಳು. ಟ್ರೆಟಿನಾಯಿನ್ ಹಳೆ ಕುಳ. ಅಮೆರಿಕದಲ್ಲಿ ಮೊಡವೆಗೆ ಅನುಮತಿ ಸಿಕ್ಕಿದ್ದು 1971ರಲ್ಲಿ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಲ್ಬರ್ಟ್ ಕ್ಲಿಗ್‌ಮನ್ ಇದರ ಹಿಂದಿದ್ದವರು. ಮೊಡವೆಗೆ ಹಚ್ಚುತ್ತಿದ್ದ ವಯಸ್ಸಾದ ಹೆಂಗಸರು ಚರ್ಮ ನಯವಾಯಿತು ಅಂದ ಮೇಲೆಯೇ ಸುಕ್ಕಿಗೂ ಇದು ಆಗುತ್ತದೆ ಎಂದು ಗೊತ್ತಾದದ್ದು. ಸುಕ್ಕಿನ ವಿಷಯದಲ್ಲಿ ಇಷ್ಟು ವರ್ಷದ ಸಾಕ್ಷಿ ಇನ್ನಾವುದಕ್ಕೂ ಇಲ್ಲ.

ನನ್ನ ಮುಖದ ಮೇಲೆ ಆದದ್ದು ಇದು. ಎಡಗಡೆ ಮೊದಲ ವಾರ ಸ್ವಲ್ಪ ಒಣಗಿತು, ಆಮೇಲೆ ಏನೂ ಇಲ್ಲ. ಬಲಗಡೆ ಎರಡನೇ ವಾರದಿಂದ ಐದನೇ ವಾರದವರೆಗೆ ಸಿಪ್ಪೆ, ಕೆಂಪು, ಸನ್‌ಸ್ಕ್ರೀನ್ ಹಚ್ಚಿದರೂ ಉರಿ. ಲೋಕಲ್‌ನಲ್ಲಿ ಬೆವರು ಇಳಿದರೆ ಬಲ ಕೆನ್ನೆ ಮಾತ್ರ ಉರಿಯುತ್ತಿತ್ತು, ಎಡಗಡೆಯದು ತಣ್ಣಗೆ ಕೂತಿರುತ್ತಿತ್ತು. ಮೊಡವೆಯಲ್ಲಿ ಎರಡೂ ಸಮ. ಕಲೆ ಬಲಗಡೆ ಒಂದು ಕೈ ಹೆಚ್ಚು ತಿಳಿಯಾಯಿತು, ಅದು ಒಪ್ಪಿಕೊಳ್ಳಬೇಕು. ಆದರೆ ಮನೆಯಲ್ಲಿ ಯಾರನ್ನು ಕೇಳಿದರೂ ವ್ಯತ್ಯಾಸ ಕಾಣಲಿಲ್ಲ, ನನಗೆ ಕಂಡದ್ದೂ ಕಿಟಕಿಯ ಬೆಳಕಿನಲ್ಲಿ ತೆಗೆದ ಫೋಟೋದಲ್ಲಿ. ಅಷ್ಟಕ್ಕಾಗಿ ಒಂದು ತಿಂಗಳು ಉರಿಯುವ ಕೆನ್ನೆ ಇಟ್ಟುಕೊಳ್ಳಲೇ? ನಾನಂತೂ ಬೇಡ ಅಂದೆ. ನಿಮ್ಮದು ದಪ್ಪ ಎಣ್ಣೆ ಚರ್ಮ, ಚಿಂತೆ ಸುಕ್ಕಿನದ್ದು ಎಂದಾದರೆ ಲೆಕ್ಕ ಬೇರೆ. ಇನ್ನೊಂದು, ಟ್ರೆಟಿನಾಯಿನ್ ಬೆಳಕಿಗೆ ಕೆಡುತ್ತದೆ, ಮೊಡವೆಯ ಇನ್ನೊಂದು ಔಷಧಿ ಬೆನ್ಜಾಯಿಲ್ ಪೆರಾಕ್ಸೈಡ್ ಜೊತೆ ಸಾಮಾನ್ಯವಾಗಿ ಸೇರುವುದಿಲ್ಲ. ಅಡಾಪಲೀನ್‌ಗೆ ಆ ತಕರಾರು ಇಲ್ಲ, ಎರಡೂ ಸೇರಿದ ಜೆಲ್ಲೇ ಸಿಗುತ್ತದೆ.

ಪಾರ್ಲರ್ ವಿಷಯ ಮರೆಯುವ ಮೊದಲು ಹೇಳುತ್ತೇನೆ. ಯಾವ ರೆಟಿನಾಯ್ಡ್ ಹಚ್ಚುತ್ತಿದ್ದರೂ ಮುಖಕ್ಕೆ ವ್ಯಾಕ್ಸಿಂಗ್ ಬೇಡ. ತುಟಿಯ ಮೇಲೆ ವ್ಯಾಕ್ಸ್ ಎಳೆದಾಗ ಕೂದಲಿನ ಜೊತೆ ಚರ್ಮವೂ ಬಂತು, ಗುರುತು ಹೋಗಲು ಎರಡು ತಿಂಗಳು ಹಿಡಿಯಿತು. ಪಾಪ, ಆ ಹುಡುಗಿಯದ್ದೇನೂ ತಪ್ಪಿಲ್ಲ, ನಾನೇ ಹೇಳಿರಲಿಲ್ಲ.

ಬಾಕುಚಿಯೋಲ್‌ಗೆ ಬಂದರೆ, ಇದು ನಮ್ಮ ಬಾವಂಚಿ ಬೀಜದ್ದು. ಈ ಮಾತು ಕೇಳಿ ಅಮ್ಮನಿಗೆ ಎಲ್ಲಿಲ್ಲದ ಖುಷಿ. "ನಮ್ಮ ಮದ್ದನ್ನೇ ಬಾಟಲಿಗೆ ಹಾಕಿ ಮಾರುವುದಾ?" ರೆಟಿನಾಲ್‌ಗೂ ಇದಕ್ಕೂ ರಚನೆಯಲ್ಲಿ ಸಂಬಂಧವೇ ಇಲ್ಲ, ಕೆಲಸ ಮಾತ್ರ ಸ್ವಲ್ಪ ಹಾಗೇ. 44 ಜನರ ಮೇಲೆ 12 ವಾರ ನಡೆದ ಒಂದು ಅಧ್ಯಯನದಲ್ಲಿ 0.5% ಬಾಕುಚಿಯೋಲ್ ದಿನಕ್ಕೆ ಎರಡು ಸಲ, 0.5% ರೆಟಿನಾಲ್ ದಿನಕ್ಕೆ ಒಂದು ಸಲ ಹಚ್ಚಿಸಿದಾಗ ಸುಕ್ಕು, ಕಲೆ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಫಲ ಬಂತು, ಸಿಪ್ಪೆ ಮತ್ತು ಉರಿ ರೆಟಿನಾಲ್‌ಗೆ ಜಾಸ್ತಿ. 44 ಜನ ಎಂದರೆ ನಮ್ಮ ಬಿಲ್ಡಿಂಗ್‌ನ ಎರಡು ಮಹಡಿ ಅಷ್ಟೇ, ಅದೂ ನೆನಪಿರಲಿ. ನನಗೆ ಉರಿಯಲಿಲ್ಲ, ಕೆಂಪಾಗಲಿಲ್ಲ. ಮೊಡವೆಯೂ ಹೋಗಲಿಲ್ಲ. ಮೂರು ತಿಂಗಳು ಮುಗಿದ ಮೇಲೆ ಮುಖ ಎಲ್ಲಿತ್ತೋ ಅಲ್ಲೇ ಇತ್ತು, ಬೆಲೆ ಮಾತ್ರ ಅಡಾಪಲೀನ್‌ನ ಮೂರು ಟ್ಯೂಬಿನದ್ದು.

ಅಜೆಲೈಕ್ ಆಸಿಡ್ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ, ನನಗೆ ಅದೇ ಬೇಜಾರು. ಇದು ರೆಟಿನಾಯ್ಡ್ ಅಲ್ಲ. 10% ಕ್ರೀಮ್ ಬೆಳಗ್ಗೆ ಹಚ್ಚಿದೆ. ಮೊದಲೆರಡು ವಾರ ಹತ್ತು ನಿಮಿಷ ಇರುವೆ ಹರಿದ ಹಾಗೆ ತುರಿಸುತ್ತಿತ್ತು, ಆಮೇಲೆ ನಿಂತಿತು. ಕೆಂಪು ಇಳಿಯಿತು, ಮೊಡವೆ ಬಿಟ್ಟುಹೋದ ಕಂದು ಕಲೆಗೆ ನನ್ನ ಪಾಲಿಗೆ ಟ್ರೆಟಿನಾಯಿನ್‌ನಷ್ಟೇ ಕೆಲಸ ಮಾಡಿತು, ಉರಿ ಇಲ್ಲದೆ. ದೊಡ್ಡ ಮಾತು ಏನೆಂದರೆ ಬಸುರಿಯಲ್ಲಿ ರೆಟಿನಾಯ್ಡ್ ಯಾವುದೂ ಬೇಡ ಅನ್ನುತ್ತಾರೆ, ಮಗು ಬೇಕು ಎಂದುಕೊಂಡಾಗಲೇ ಡಾಕ್ಟರ್‌ಗೆ ಹೇಳಿ ನಿಲ್ಲಿಸಬೇಕು. ಆಗ ಸಾಮಾನ್ಯವಾಗಿ ಬರೆದುಕೊಡುವುದು ಇದನ್ನೇ. ನನ್ನ ಅತ್ತಿಗೆ ಈಗ ಇದರಲ್ಲೇ ಇದ್ದಾಳೆ.

ಸನ್‌ಸ್ಕ್ರೀನ್ ಇಲ್ಲದೆ ಇದಾವುದೂ ಬೇಡ. ಎಸ್‌ಪಿಎಫ್ 30 ಮತ್ತು 50ಕ್ಕೆ ಕಾಗದದ ಮೇಲೆ ವ್ಯತ್ಯಾಸ ಸಣ್ಣದು, ಚರ್ಮ ಸುಡುವ ಯುವಿಬಿ ಕಿರಣ ತಡೆಯುವುದು 97% ಮತ್ತು 98%. ನಾವು ಹಚ್ಚುವುದೇ ಬೇಕಾದದ್ದರ ಅರ್ಧ, ಅದಕ್ಕೆ 50 ಇರಲಿ. ಜಿಂಕ್ ಆಕ್ಸೈಡ್‌ನದ್ದು ನನಗೆ ಉರಿಯಲಿಲ್ಲ, ಆದರೆ ಯಕ್ಷಗಾನಕ್ಕೆ ಬಣ್ಣ ಹಚ್ಚಿ ಹೊರಟ ಹಾಗೆ ಕಾಣುತ್ತಿದ್ದೆ. ಬಿಳಿ ಬಿಡದ ಇನ್ನೊಂದು ಬೆವರಿನ ಜೊತೆ ಕಣ್ಣಿಗೆ ಇಳಿದು ಥಾಣೆ ಬರುವಷ್ಟರಲ್ಲಿ ಕಣ್ಣೀರು ತರಿಸುತ್ತಿತ್ತು. ಈಗ ಕಣ್ಣಿನ ಸುತ್ತ ಜಿಂಕ್, ಉಳಿದ ಕಡೆ ಇನ್ನೊಂದು.

ಒಂದು ಟ್ಯೂಬ್ ಮಾತ್ರ ಹೋಲಿಕೆಗೇ ಸೇರಿಸುವುದಿಲ್ಲ. ಮೆಡಿಕಲ್‌ನಲ್ಲಿ "ಕಲೆಗೆ ಏನಾದ್ರೂ ಕೊಡಿ" ಎಂದು ಕೇಳಿದರೆ ಕೈಗೆ ಬರುವ ಮೂರು ಔಷಧಿಯ ಕ್ರೀಮ್. ಅದರಲ್ಲಿ ಟ್ರೆಟಿನಾಯಿನ್, ಬಣ್ಣ ತಿಳಿ ಮಾಡುವ ಹೈಡ್ರೋಕ್ವಿನೋನ್, ಜೊತೆಗೆ ಸ್ಟೀರಾಯ್ಡ್. ವಾರದಲ್ಲಿ ಮುಖ ಬೆಳ್ಳಗೆ, ನುಣ್ಣಗೆ. ಅದಕ್ಕೇ ಜನ ವರ್ಷಗಟ್ಟಲೆ ಹಚ್ಚುತ್ತಾರೆ. ಚರ್ಮ ತೆಳುವಾಗಿ ನರ ಕಾಣುತ್ತದೆ, ಬಿಟ್ಟರೆ ಬೆಂಕಿ ಬಿದ್ದ ಹಾಗೆ ಉರಿಯುತ್ತದೆ. 2018ರಲ್ಲಿ ಸರ್ಕಾರ ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿದೆ. ನಮ್ಮ ಕೆಳಗಿನ ಮನೆಯವರು ಅದಾದ ಮೇಲೂ ಚೀಟಿ ಇಲ್ಲದೆಯೇ ತಂದು ನಾಲ್ಕು ವರ್ಷ ಹಚ್ಚಿದರು, ಈಗ ಅದನ್ನು ಬಿಡಿಸಲು ಡಾಕ್ಟರ್ ಹತ್ತಿರ ಓಡಾಡುತ್ತಿದ್ದಾರೆ.

ಈಗ ನನ್ನ ಕಪಾಟಿನಲ್ಲಿ ಉಳಿದಿರುವುದು ರಾತ್ರಿಗೆ ಅಡಾಪಲೀನ್, ಬೆಳಗ್ಗೆ ಅಜೆಲೈಕ್, ಸೆರಮೈಡ್ ಕ್ರೀಮ್, ಎರಡು ಸನ್‌ಸ್ಕ್ರೀನ್. ಟ್ರೆಟಿನಾಯಿನ್ ಅರ್ಧ ಟ್ಯೂಬ್ ಇದೆ, ನಲವತ್ತಾದಾಗ ನೋಡೋಣ ಅಂದರೆ ಅಷ್ಟರಲ್ಲಿ ಅದರ ತಾರೀಖು ಮುಗಿದಿರುತ್ತದೆ. ಬಾಕುಚಿಯೋಲ್ ಬಾಟಲಿ ಹುಡುಕಿದರೆ ಕಾಣಲಿಲ್ಲ. ಅಮ್ಮ ಒಡೆದ ಹಿಮ್ಮಡಿಗೆ ಹಚ್ಚಿಕೊಂಡು ಕೂತಿದ್ದಳು. "ಭಾರೀ ಒಳ್ಳೆಯದುಂಟು ಮಾರಾಯ್ತಿ, ಇನ್ನೊಂದು ತರಿಸು" ಅಂದಳು.