ಕತಾರಾ, ಅಬುಧಾಬಿಯಾ?

ಮಂಗಳೂರಿನ ಕೆಮಿಕಲ್ ಇಂಜಿನಿಯರ್ ಒಬ್ಬರ ಪ್ರಶ್ನೆ: ಎರಡೂ ಕಡೆ ಆಫರ್ ಇದೆ, ಯಾವುದಕ್ಕೆ ಹೂಂ ಅನ್ನಲಿ?

ಮೊದಲು ಕೆಲಸ ನೋಡಿ. ಕತಾರ್ ಅಂದರೆ ಗ್ಯಾಸ್. ಇರಾನ್ ಜೊತೆ ಹಂಚಿಕೊಂಡಿರುವ ಸಮುದ್ರದಡಿಯ ಗ್ಯಾಸ್ ನಿಕ್ಷೇಪ ನಾರ್ತ್ ಫೀಲ್ಡ್‌ನ ಗ್ಯಾಸನ್ನು ರಾಸ್ ಲಫಾನ್‌ನಲ್ಲಿ ಸುಮಾರು ಮೈನಸ್ 162 ಡಿಗ್ರಿಗೆ ತಣಿಸಿ, ದ್ರವ ಮಾಡಿ ಹಡಗಿಗೆ ತುಂಬುತ್ತಾರೆ. ಎಲ್‌ಎನ್‌ಜಿ (ಹೀಗೆ ದ್ರವ ಮಾಡಿದ ಗ್ಯಾಸ್) ಕೆಲಸ ಕಲಿಯುವ ಆಸೆ ಇದ್ದರೆ ಇಂಥ ಜಾಗ ಇನ್ನೊಂದು ಸಿಗುವುದು ಕಷ್ಟ. ಆದರೆ ಅನುಭವವೆಲ್ಲ ಒಂದೇ ಕಡೆ ವಾಲುತ್ತದೆ, ಅಲ್ವಾ? ಅಬುಧಾಬಿಯಲ್ಲಿ ಮುಖ್ಯವಾಗಿ ಕಚ್ಚಾ ತೈಲ. ಜೊತೆಗೆ ರುವೈಸ್‌ನ ರಿಫೈನರಿ, ಬರಾಕಾದ ನಾಲ್ಕು ಅಣು ರಿಯಾಕ್ಟರ್, ದೊಡ್ಡ ದೊಡ್ಡ ಸೋಲಾರ್ ಘಟಕಗಳು. ಮುಂದೆ ಕ್ಷೇತ್ರ ಬದಲಿಸುವ ಯೋಚನೆ ಇದ್ದರೆ ಇದೇ ವಾಸಿ.

ಸಂಬಳಕ್ಕೆ ಎರಡೂ ಕಡೆ ಆದಾಯ ತೆರಿಗೆ ಇಲ್ಲ. ಸುಮ್ನೆ ಸಂಬಳದ ಅಂಕಿ ಹೋಲಿಸಬೇಡಿ. ಮನೆ ಬಾಡಿಗೆ, ಮಕ್ಕಳ ಫೀಸು ಯಾರ ತಲೆಗೆ ಅಂತ ಕೇಳಿ.

ಸಂಸಾರ ಜೊತೆಗಿದ್ದರೆ ದೂರವೂ ಲೆಕ್ಕಕ್ಕೆ ಬರುತ್ತದೆ. ರಾಸ್ ಲಫಾನ್ ದೋಹಾದಿಂದ ಸುಮಾರು 80 ಕಿ.ಮೀ. ದಿನಾ ಓಡಾಡಬಹುದು. ರುವೈಸ್ ಅಬುಧಾಬಿ ನಗರದಿಂದ ಸುಮಾರು 240 ಕಿ.ಮೀ. ಅಲ್ಲಿ ಕೆಲಸವಾದರೆ ವಾಸವೂ ಅಲ್ಲೇ. ಒಬ್ಬರೇ ಹೋಗುವವರಿಗೆ ಅದು ತಲೆನೋವಲ್ಲ, ಖರ್ಚಿಗೆ ದಾರಿಯೂ ಕಡಿಮೆ.